ವಾರಕ್ಕೊಂದು ಅರ್ಧ ಬಟ್ಸನ್: ಬಾಸೆಲ್ ಮಿಷನ್ನಿಗೆ ದುಡ್ಡು ಕೊಟ್ಟವರು ಯಾರು?

ಮಂಗಳೂರು ಹೆಂಚು ಗೊತ್ತಿಲ್ಲದ ಊರು ಕರ್ನಾಟಕದಲ್ಲಿ ಕಡಿಮೆ. ಕಿಟೆಲ್ ನಿಘಂಟಿನ ಹೆಸರು ಶಾಲೆಗೆ ಹೋದ ಎಲ್ಲರಿಗೂ ಗೊತ್ತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಅಂತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಈ ಮೂರರ ಹಿಂದೆಯೂ ಇದ್ದದ್ದು ಒಂದೇ ಸಂಸ್ಥೆ, ಬಾಸೆಲ್ ಮಿಷನ್.

ಮಿಷನ್ ಏನೇನು ಮಾಡಿತು ಎಂಬ ಬಗ್ಗೆ ಬೇಕಾದಷ್ಟು ಬರಹಗಳಿವೆ. ಅದಕ್ಕೆಲ್ಲ ದುಡ್ಡು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಹಡಗಿನ ಟಿಕೆಟ್ಟು, ಪಾದ್ರಿಗಳ ಊಟ-ಬಟ್ಟೆ, ಶಾಲೆಯ ಕಟ್ಟಡ, ಮುದ್ರಣದ ಕಾಗದ, ಇವಕ್ಕೆಲ್ಲ ಯಾರು ಕೊಟ್ಟರು? ರಾಜರೋ, ಸರ್ಕಾರವೋ, ದೊಡ್ಡ ಸಾಹುಕಾರರೋ ಕೊಟ್ಟಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಸಾಹುಕಾರರು ಕೊಟ್ಟದ್ದೂ ನಿಜ. ಆದರೆ ಮಿಷನ್ ದಶಕಗಟ್ಟಲೆ ನಂಬಿಕೊಂಡಿದ್ದ ಹಣದಲ್ಲಿ ದೊಡ್ಡ ಪಾಲು ರೈತರು, ನೇಕಾರರು, ಮನೆಗೆಲಸದ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೊಟ್ಟ ಒಂದು ಚಿಕ್ಕ ನಾಣ್ಯದ್ದು. ಆ ನಾಣ್ಯದ ಹೆಸರು ಅರ್ಧ ಬಟ್ಸನ್.

ಬಾಸೆಲ್ ಎಂಬ ಊರು

ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ರೈನ್ ನದಿಯ ದಡದಲ್ಲಿ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಫ್ರಾನ್ಸ್. ರೇಷ್ಮೆ ಪಟ್ಟಿ ಅಂದರೆ ರಿಬ್ಬನ್ ನೇಯಿಸಿ ಮಾರುವ ವ್ಯಾಪಾರಕ್ಕೆ ಹೆಸರಾದ ಊರು. ಮಗ್ಗಗಳು ಹೆಚ್ಚಾಗಿ ಇದ್ದದ್ದು ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ. ನೂಲು ಕೊಡುವವರು, ನೇಯ್ದದ್ದನ್ನು ಕೊಂಡು ಹೊರದೇಶಕ್ಕೆ ಮಾರುವವರು ಪೇಟೆಯ ಧಣಿಗಳು.

1815ರಲ್ಲಿ ನೆಪೋಲಿಯನ್ನನ ಯುದ್ಧಗಳು ಮುಗಿಯುವ ಹೊತ್ತಿಗೆ, ಹತ್ತಿರದ ಹ್ಯೂನಿಂಗೆನ್ ಕೋಟೆಯಿಂದ ಫ್ರೆಂಚ್ ಸೈನಿಕರು ಬಾಸೆಲ್ ಮೇಲೆ ಫಿರಂಗಿ ಹಾರಿಸಿದರು. ಊರು ಹೇಗೋ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಊರಿನ ಕೆಲವು ಭಕ್ತರು ಸೇರಿ ಮಿಷನ್ ಸಂಸ್ಥೆ ಕಟ್ಟಿದರು. ಇವರು ಪಯಟಿಸ್ಟ್ ಎಂಬ ಪಂಥದ ಪ್ರಾಟೆಸ್ಟಂಟರು. ಬರೀ ಭಾನುವಾರ ಚರ್ಚಿಗೆ ಹೋಗಿ ಬಂದರೆ ಸಾಲದು. ಮನೆಯಲ್ಲಿ ಬೈಬಲ್ ಓದಬೇಕು, ದುಡಿಯಬೇಕು, ಉಳಿಸಬೇಕು, ಉಳಿಸಿದ್ದನ್ನು ದೇವರ ಕೆಲಸಕ್ಕೆ ಕೊಡಬೇಕು ಎಂಬುದು ಅವರ ನಂಬಿಕೆ. ಬಾಸೆಲ್ ಪೇಟೆಯಲ್ಲೂ, ಗಡಿಯಾಚೆ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲೂ ಈ ಪಂಥ ಬೇರೂರಿತ್ತು.

ಮಿಷನ್ನಿನ ಆಡಳಿತ ಸಮಿತಿಯಲ್ಲಿ ಕೂತವರು ಹೆಚ್ಚಿನವರು ಬಾಸೆಲ್ಲಿನ ಶ್ರೀಮಂತರು ಮತ್ತು ಪಾದ್ರಿಗಳು. ಮಿಷನರಿಗಳಾಗಿ ಹೊರದೇಶಕ್ಕೆ ಹೋದವರಲ್ಲಿ ಬಹಳಷ್ಟು ಜನ ವುರ್ಟೆಂಬರ್ಗಿನ ರೈತರ, ಕುಶಲಕರ್ಮಿಗಳ ಮಕ್ಕಳು. ಈ ವ್ಯತ್ಯಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕರಾವಳಿಗೆ ಬಂದದ್ದು

ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿದ್ದ ಪ್ರದೇಶಗಳಿಗೆ ಬ್ರಿಟಿಷರಲ್ಲದ ಮಿಷನರಿಗಳು ಸುಲಭವಾಗಿ ಬರುವ ಹಾಗಿರಲಿಲ್ಲ. 1833ರ ಚಾರ್ಟರ್ ಕಾಯ್ದೆ ಆ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸ್ಯಾಮುವೆಲ್ ಹೆಬಿಕ್, ಕ್ರಿಸ್ಟೋಫ್ ಲೆಹ್ನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲೂ ಮಿಷನ್ ಕೇಂದ್ರಗಳಾದವು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಮುಂದೆ ನಾಲ್ಕು ದಶಕ ಕನ್ನಡದ ಕೆಲಸದಲ್ಲೇ ಮುಳುಗಿದರು.

ಬಾಸೆಲ್ ಮಿಷನ್ನಿನ ಕೆಲಸ ನಮ್ಮಲ್ಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ಈಗಿನ ಘಾನಾ ದೇಶದ ಕರಾವಳಿಗೆ 1828ರಲ್ಲೇ ಅವರು ಹೋಗಿದ್ದರು. 1847ರಲ್ಲಿ ಚೀನಾಕ್ಕೂ ಕಾಲಿಟ್ಟರು. ಘಾನಾದಲ್ಲಿ ಜ್ವರಕ್ಕೆ ಸಿಕ್ಕಿ ಮೊದಲು ಹೋದವರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರ ಜಾಗಕ್ಕೆ ಬೇರೆಯವರನ್ನು ತರಬೇತಿ ಕೊಟ್ಟು ಕಳಿಸಬೇಕು. ಎಲ್ಲದಕ್ಕೂ ದುಡ್ಡು ಬೇಕು.

ಮಿಷನರಿಗಳಿಗೆ ದೊಡ್ಡ ಸಂಬಳ ಇರಲಿಲ್ಲ, ಜೀವನ ನಡೆಸಲು ಬೇಕಾದಷ್ಟು ಕೊಡುತ್ತಿದ್ದರು. ಆದರೂ ಕೇಂದ್ರಗಳು ಹೆಚ್ಚಿದ ಹಾಗೆ ಖರ್ಚು ಏರಿತು. ಸಾಹುಕಾರರ ದೇಣಿಗೆ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಇಲ್ಲ. ವ್ಯಾಪಾರ ಕುಸಿದರೆ ದಾನವೂ ಕುಸಿಯುತ್ತದೆ. ಶಾಲೆ ನಡೆಸುವವನಿಗೆ, ಮುದ್ರಣಾಲಯ ನಡೆಸುವವನಿಗೆ ಬೇಕಾದದ್ದು ತಿಂಗಳು ತಿಂಗಳು ತಪ್ಪದೆ ಬರುವ ಹಣ.

ಅರ್ಧ ಬಟ್ಸನ್ ಲೆಕ್ಕ

1855ರಲ್ಲಿ ಇದಕ್ಕೊಂದು ದಾರಿ ಹುಡುಕಿದವರು ಕಾರ್ಲ್ ಸರಸಿನ್. ರಿಬ್ಬನ್ ಕಾರ್ಖಾನೆಯ ಮಾಲೀಕ, ಬಾಸೆಲ್ ನಗರದ ಆಡಳಿತಗಾರ, ಮಿಷನ್ ಸಮಿತಿಯ ಸದಸ್ಯ. ಅವರ ಯೋಜನೆ ಸರಳವಾಗಿತ್ತು: ಒಬ್ಬೊಬ್ಬರು ವಾರಕ್ಕೆ ಅರ್ಧ ಬಟ್ಸನ್ ಕೊಡಲಿ, ಅದಕ್ಕಿಂತ ಹೆಚ್ಚು ಬೇಡ. ಅದನ್ನು ಮನೆಮನೆಗೆ ಹೋಗಿ ಎತ್ತಿ ತರುವ ವ್ಯವಸ್ಥೆಯಾಗಲಿ.

ಬಟ್ಸನ್ ಅನ್ನುವುದು ಸ್ವಿಟ್ಜರ್ಲೆಂಡಿನ ಹಳೇ ನಾಣ್ಯ. 1850ರ ಕಾನೂನಿನಿಂದ ಅಲ್ಲಿ ಫ್ರಾಂಕ್ ಬಂತು, ಒಂದು ಫ್ರಾಂಕಿಗೆ 100 ರಾಪೆನ್. ಆದರೂ ಜನ ಹತ್ತು ರಾಪೆನ್ನಿಗೆ ಬಟ್ಸನ್ ಅನ್ನುವುದನ್ನು ಬಿಡಲಿಲ್ಲ. 1957ರಲ್ಲಿ ನಯೇಪೈಸೆ ಬಂದ ಮೇಲೂ ನಮ್ಮ ಹಿರಿಯರು ನಾಲ್ಕಾಣೆ, ಎಂಟಾಣೆ ಅನ್ನುತ್ತಿದ್ದರಲ್ಲ, ಹಾಗೆ. ಅರ್ಧ ಬಟ್ಸನ್ ಅಂದರೆ 5 ರಾಪೆನ್.

ಲೆಕ್ಕ ಹಾಕಿ ನೋಡಿ. ವಾರಕ್ಕೆ 5 ರಾಪೆನ್ ಆದರೆ 52 ವಾರಕ್ಕೆ 2 ಫ್ರಾಂಕ್ 60 ರಾಪೆನ್. ಹತ್ತು ಜನರಿಂದ 26 ಫ್ರಾಂಕ್. ಸಾವಿರ ಜನರಿಂದ 2,600 ಫ್ರಾಂಕ್. ಕೊಡುವವನಿಗೆ ಭಾರವಾಗದ ಹಣ, ಕೂಡಿದಾಗ ಒಂದು ಸಂಸ್ಥೆಯನ್ನು ಹೊರುವ ಹಣವಾಗುತ್ತದೆ. ಇವತ್ತು ನಮ್ಮ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸರಸಿನ್ನರಿಗಿಂತ ಮೊದಲೇ ಇಂಥದ್ದು ಬೇರೆ ಕಡೆ ನಡೆದಿತ್ತು. ಫ್ರಾನ್ಸಿನ ಲಿಯೋನ್ ಪಟ್ಟಣವೂ ರೇಷ್ಮೆಯ ಊರೇ. ಅಲ್ಲಿ ಪೌಲಿನ್ ಜಾರಿಕೊ ಎಂಬ ಯುವತಿ ಕೆಲಸಗಾರ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೆ ಒಂದು 'ಸು' ಎಂಬ ಚಿಲ್ಲರೆ ನಾಣ್ಯ ಎತ್ತುತ್ತಿದ್ದರು. ಅದರಿಂದಲೇ 1822ರಲ್ಲಿ ಕ್ಯಾಥೋಲಿಕರ ಜಗತ್ತಿನಲ್ಲಿ ಮಿಷನ್ ಕೆಲಸಕ್ಕೆ ಹಣ ಒದಗಿಸುವ ದೊಡ್ಡ ಸಂಘ ಬೆಳೆಯಿತು. ಇಂಗ್ಲೆಂಡಿನ ಪ್ರಾಟೆಸ್ಟಂಟ್ ಮಿಷನ್ನುಗಳು ವಾರಕ್ಕೊಂದು ಪೆನ್ನಿ ಎತ್ತುತ್ತಿದ್ದವು. ಪಂಥ ಬೇರೆ, ದೇಶ ಬೇರೆ, ಉಪಾಯ ಒಂದೇ.

ಬಾಗಿಲಿಗೆ ಬರುವ ಹೆಂಗಸು

ಈ ವ್ಯವಸ್ಥೆ ನಿಂತದ್ದು ಹಣ ಎತ್ತುವವರ ಮೇಲೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಮನೆಯಿಂದ ಮನೆಗೆ ನಡೆದು, ಕೊಟ್ಟವರ ಲೆಕ್ಕ ಇಟ್ಟು, ಹಣವನ್ನು ಮೇಲಿನವರಿಗೆ ತಲುಪಿಸಬೇಕು. ಅದರ ಜೊತೆ ಮಿಷನ್ನಿನ ಸುದ್ದಿಯ ಸಣ್ಣ ಹಾಳೆಗಳನ್ನೂ ಹಂಚಬೇಕು. ಇದಕ್ಕೆ ಕೂಲಿ ಇಲ್ಲ.

ಪೆಟ್ಟಿಗೆ ಇಟ್ಟರೆ ಜನ ನೆನಪಾದಾಗ ಹಾಕುತ್ತಾರೆ, ಮರೆತರೆ ಇಲ್ಲ. ಗೊತ್ತಿರುವ ಹೆಂಗಸು ಬಾಗಿಲಿಗೆ ಬಂದು ನಿಂತರೆ ಇಲ್ಲ ಅನ್ನುವುದು ಕಷ್ಟ. ಅವಳು ಮಾತೂ ಆಡುತ್ತಾಳೆ, ಮಂಗಳೂರಿನಲ್ಲಿ ಏನಾಯಿತು, ಆಫ್ರಿಕದಲ್ಲಿ ಏನಾಯಿತು ಅಂತ ಹೇಳುತ್ತಾಳೆ. ಹೊರದೇಶವನ್ನು ಎಂದೂ ಕಾಣದ ರೈತರ ಮನೆಗೆ ಧಾರವಾಡ, ಹುಬ್ಬಳ್ಳಿ ಎಂಬ ಹೆಸರುಗಳು ಹೋದದ್ದು ಹೀಗೆ.

ಆದರೆ ಹಣ ಎಲ್ಲಿ, ಹೇಗೆ ಖರ್ಚಾಗಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಈ ಹೆಂಗಸರಿಗೆ ಜಾಗ ಇರಲಿಲ್ಲ. ಅದು ಗಂಡಸರ ಸಮಿತಿ. ಹೊರದೇಶದ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ 1841ರಲ್ಲಿ ಬಾಸೆಲ್ಲಿನಲ್ಲಿ ಒಂದು ಮಹಿಳಾ ಸಂಘ ಆಯಿತು, ಅದೂ ಮುಖ್ಯ ಸಮಿತಿಯ ನೆರಳಿನಲ್ಲೇ.

ಸಮಿತಿಯ ಹಿಡಿತ ಎಷ್ಟಿತ್ತೆಂದರೆ ಮಿಷನರಿಗಳು ಮದುವೆಯಾಗಬೇಕಾದರೂ ಅದರ ಅಪ್ಪಣೆ ಬೇಕಿತ್ತು. ವರನನ್ನು ಸರಿಯಾಗಿ ಕಾಣದೆಯೇ ಹಡಗು ಹತ್ತಿ ಬಂದ ವಧುಗಳಿದ್ದರು. ಮಕ್ಕಳು ಸ್ವಲ್ಪ ದೊಡ್ಡವರಾದ ಕೂಡಲೇ ಅವರನ್ನು ಯುರೋಪಿಗೆ ಕಳಿಸುವುದು ರೂಢಿ. ಅವರಿಗಾಗಿ 1850ರ ದಶಕದಲ್ಲಿ ಬಾಸೆಲ್ಲಿನಲ್ಲಿ ಮಕ್ಕಳ ಮನೆಯನ್ನೇ ತೆರೆದರು. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟರ ಮಗಳು ಮಾರಿ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದವಳು. ಎಳವೆಯಲ್ಲೇ ತಂದೆ-ತಾಯಿಯನ್ನು ಬಿಟ್ಟು ಯುರೋಪಿನಲ್ಲಿ ಬೆಳೆಯಬೇಕಾಯಿತು. ಮುಂದೆ ನೊಬೆಲ್ ಪಡೆದ ಲೇಖಕ ಹರ್ಮನ್ ಹೆಸ್ಸೆಗೆ ತಾಯಿಯಾದವಳು ಇವಳೇ. ಮಿಷನ್ನಿನ ಖರ್ಚಿನ ಪಟ್ಟಿ ಬರೆಯುವಾಗ ಈ ಅಗಲಿಕೆಗಳನ್ನು ಯಾವ ಕಾಲಮ್ಮಿಗೂ ಸೇರಿಸಲು ಬರುವುದಿಲ್ಲ.

ತಲೆಬಾಗುವ ಗೊಂಬೆ

ವಾರ ವಾರ ಹಣ ಬರಬೇಕಾದರೆ ವಾರ ವಾರ ಕಾರಣವೂ ಬೇಕು. ಅದನ್ನು ಒದಗಿಸಿದ್ದು ಸುದ್ದಿ. ಬಾಸೆಲ್ ಮಿಷನ್ 1828ರಿಂದಲೇ ಜನಸಾಮಾನ್ಯರಿಗಾಗಿ ಒಂದು ಪತ್ರಿಕೆ ನಡೆಸುತ್ತಿತ್ತು. ಅನ್ಯಧರ್ಮೀಯರ ನಾಡಿನಿಂದ ಸುದ್ದಿ ತರುವ ದೂತ ಎಂಬ ಅರ್ಥದ ಹೆಸರು ಅದಕ್ಕೆ. ಹೊರದೇಶದಲ್ಲಿದ್ದ ಮಿಷನರಿಗಳು ತಪ್ಪದೆ ವರದಿ ಬರೆಯಬೇಕಿತ್ತು. ಅದರಲ್ಲಿ ಆರಿಸಿದ್ದು ಅಚ್ಚಾಗುತ್ತಿತ್ತು. ವರ್ಷಕ್ಕೊಮ್ಮೆ ಬಾಸೆಲ್ಲಿನಲ್ಲಿ ಮಿಷನ್ ಹಬ್ಬ, ಮರಳಿ ಬಂದ ಮಿಷನರಿಗಳ ಭಾಷಣ.

ಈ ಬರಹಗಳಲ್ಲಿ ನಮ್ಮವರ ಬದುಕಿನ ಬಗ್ಗೆ ಅಮೂಲ್ಯ ವಿವರಗಳಿವೆ. ಆ ಕಾಲದ ಕರಾವಳಿಯನ್ನು, ಉತ್ತರ ಕರ್ನಾಟಕವನ್ನು ಅರಿಯಲು ಇತಿಹಾಸಕಾರರು ಇವತ್ತಿಗೂ ಬಾಸೆಲ್ಲಿನ ಕಡತಗಳನ್ನು, ಅಲ್ಲಿರುವ ಸಾವಿರಾರು ಫೋಟೋಗಳನ್ನು ನೋಡುತ್ತಾರೆ. ಆದರೆ ಆ ಬರಹಗಳಿಗೆ ಹಣ ಎತ್ತುವ ಕೆಲಸವೂ ಇತ್ತು. ದೂರದವರು ಕತ್ತಲಲ್ಲಿದ್ದಾರೆ, ನಿಮ್ಮ ನಾಣ್ಯಕ್ಕೆ ಕಾದಿದ್ದಾರೆ ಎಂದು ಹೇಳಿದಷ್ಟೂ ಕೈ ಬೇಗ ಜೇಬಿಗೆ ಹೋಗುತ್ತದೆ. ಹೀಗಾಗಿ ನಮ್ಮ ದೇವರು, ನಮ್ಮ ಜಾತ್ರೆ, ನಮ್ಮ ಭೂತಕೋಲ ಅಲ್ಲಿನ ಓದುಗರಿಗೆ ಹೆಚ್ಚಾಗಿ ಅಜ್ಞಾನದ ಉದಾಹರಣೆಗಳಾಗಿ ತಲುಪಿದವು.

ಇದರ ಅತಿ ಕೆಟ್ಟ ರೂಪ ಒಂದು ಪೆಟ್ಟಿಗೆ. ಜರ್ಮನಿ, ಸ್ವಿಟ್ಜರ್ಲೆಂಡಿನ ಚರ್ಚುಗಳಲ್ಲಿ, ಮಕ್ಕಳ ಭಾನುವಾರದ ಶಾಲೆಗಳಲ್ಲಿ ಇಡುತ್ತಿದ್ದ ಹುಂಡಿ ಅದು. ಮೇಲೆ ಮಂಡಿಯೂರಿ ಕೂತ ಕಪ್ಪು ಮಗುವಿನ ಗೊಂಬೆ. ನಾಣ್ಯ ಹಾಕಿದರೆ ಗೊಂಬೆ ತಲೆ ಬಾಗಿಸಿ ವಂದನೆ ಹೇಳುತ್ತಿತ್ತು. ಮಕ್ಕಳಿಗೆ ಅದೊಂದು ಆಟ. ಕೊಡುವವನು ನಾನು, ಬಾಗುವವನು ಅವನು ಎಂಬ ಪಾಠವನ್ನು ಅವರು ಆಟದಲ್ಲೇ ಕಲಿತರು. ಇಂಥ ಪೆಟ್ಟಿಗೆಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಅಲ್ಲಿನ ಚರ್ಚಿನವರೇ ಅದರ ಬಗ್ಗೆ ನಾಚಿಕೆಯಿಂದ ಮಾತಾಡುತ್ತಾರೆ.

ಎರಡು ಥೈಲಿ

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಮಂಗಳೂರಿನ ಹೆಂಚಿನ ಕಾರ್ಖಾನೆ ಅರ್ಧ ಬಟ್ಸನ್ನಿನಿಂದ ಕಟ್ಟಿದ್ದಲ್ಲ. ಕಾಣಿಕೆಯ ಹಣ ಬೇರೆ, ಉದ್ಯಮದ ಹಣ ಬೇರೆ.

ಕ್ರೈಸ್ತರಾದವರನ್ನು ಅವರ ಮನೆಯವರು, ಜಾತಿಯವರು ಹೊರಗೆ ಹಾಕುತ್ತಿದ್ದರು. ಕಸುಬು, ಗೇಣಿ ಜಮೀನು ಎಲ್ಲ ಹೋಗುತ್ತಿತ್ತು. ಅವರಿಗೆ ಅನ್ನಕ್ಕೆ ದಾರಿ ಬೇಕೆಂದು ಮಿಷನ್ ಉದ್ಯಮಕ್ಕೆ ಕೈ ಹಾಕಿತು. ಮಂಗಳೂರಿನಲ್ಲಿ ಮುದ್ರಣಾಲಯ ಆಗಲೇ ಇತ್ತು. 1851ರಲ್ಲಿ ನೇಯ್ಗೆ ಬಂತು. ಜಾನ್ ಹಾಲರ್ ಅದನ್ನು ಬೆಳೆಸಿದರು. ಖಾಕಿ ಬಣ್ಣದ ಹೆಸರು ಹೇಳುವಾಗ ಅವರ ಹೆಸರೂ ಬರುತ್ತದೆ. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿ, ಗುರುಪುರ ನದಿಗಳ ಬದಿಯ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು.

ಬಾಸೆಲ್ಲಿನ ವ್ಯಾಪಾರಿಗಳು 1859ರಲ್ಲಿ ಷೇರು ಹಾಕಿ ಒಂದು ವ್ಯಾಪಾರ ಕಂಪನಿ ಕಟ್ಟಿದರು. ಷೇರುದಾರರಿಗೆ ಮಿತಿ ಹಾಕಿದ ಲಾಭಾಂಶ, ಉಳಿದ ಲಾಭದಲ್ಲಿ ಮಿಷನ್ನಿಗೆ ಪಾಲು. ಅಂದರೆ ಶ್ರೀಮಂತರ ಹಣಕ್ಕೆ ಬಡ್ಡಿಯ ಹಾಗೆ ಏನಾದರೂ ಮರಳಿ ಬರುತ್ತಿತ್ತು. ಬಡವರ ಅರ್ಧ ಬಟ್ಸನ್ನಿಗೆ ಮರಳಿ ಬಂದದ್ದು ಸುದ್ದಿಯ ಹಾಳೆ ಮತ್ತು ಪುಣ್ಯ ಸಿಕ್ಕಿತೆಂಬ ಸಮಾಧಾನ.

ಇದಕ್ಕೆ ಇನ್ನೊಂದು ಮುಖವೂ ಇದೆ. ಉದ್ಯಮದ ಲಾಭ ಮಿಷನ್ನಿಗೆ ಸೇರುತ್ತಿತ್ತು ಅಂದ ಮೇಲೆ, ಜೆಪ್ಪುವಿನಲ್ಲಿ ಮಣ್ಣು ತುಳಿದವರು, ಹೆಂಚು ಒತ್ತಿದವರು, ಒಲೆಗೆ ಸೌದೆ ಹಾಕಿದವರು, ಮಗ್ಗದಲ್ಲಿ ಕೂತವರು ಕೂಡ ಮಿಷನ್ ನಡೆಸಲು ಕೊಟ್ಟವರೇ. ಬಾಸೆಲ್ಲಿನ ಪತ್ರಿಕೆಗಳಲ್ಲಿ ಇವರು ಪಡೆಯುವವರಾಗಿ ಕಾಣುತ್ತಿದ್ದರು. ಲೆಕ್ಕ ತೆಗೆದರೆ ಇವರೂ ದಾನಿಗಳ ಸಾಲಿನಲ್ಲಿ ನಿಲ್ಲಬೇಕಾದವರು. ಗೊಂಬೆಯ ಹಾಗೆ ತಲೆ ಬಾಗಿಸುವ ಅಗತ್ಯ ಇವರಿಗೆ ಇರಲಿಲ್ಲ.

ಕಿಟೆಲ್ ನಿಘಂಟಿನ ಮಾತೂ ಹೀಗೆಯೇ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಈ ಪುಸ್ತಕಕ್ಕೆ 1,752 ಪುಟ, ಸುಮಾರು 70,000 ಪದ. ಸರ್ಕಾರದ ನೆರವೂ ಅದಕ್ಕಿತ್ತು. ಆದರೆ ಕಿಟೆಲ್ಲರನ್ನು ಅಷ್ಟು ವರ್ಷ ಸಾಕಿದ ಸಂಸ್ಥೆಯ ಬೊಕ್ಕಸದಲ್ಲಿ ಅರ್ಧ ಬಟ್ಸನ್ನುಗಳಿದ್ದವು. ಒಂದೊಂದು ಪದದ ಅರ್ಥ ಬಿಡಿಸಿ ಹೇಳಿದ ಕನ್ನಡ ಪಂಡಿತರ, ಸಾಮಾನ್ಯ ಜನರ ಜ್ಞಾನವೂ ಅದರಲ್ಲಿದೆ. ಅದಕ್ಕೆ ಯಾರೂ ಬೆಲೆ ಕಟ್ಟಲಿಲ್ಲ.

1914ರ ನಂತರ

ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷರಿಗೆ ಜರ್ಮನರು ಶತ್ರುಗಳಾದರು. ಮಿಷನರಿಗಳಲ್ಲಿ ಬಹಳಷ್ಟು ಜನ ಜರ್ಮನರು. ಅವರನ್ನು ಬಂಧನ ಶಿಬಿರದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು. ಹೆಂಚು, ನೇಯ್ಗೆಯ ಉದ್ಯಮಗಳು ಕೈತಪ್ಪಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು.

ಎಂಬತ್ತು ವರ್ಷ ಬಾಸೆಲ್ಲಿನ ಅಪ್ಪಣೆ, ಬಾಸೆಲ್ಲಿನ ಹಣ ನೋಡಿಕೊಂಡಿದ್ದ ಇಲ್ಲಿನ ಸಭೆಗಳು ಒಮ್ಮೆಲೇ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಶಾಲೆ ಮುಚ್ಚುವುದೋ ನಡೆಸುವುದೋ, ಉಪದೇಶಕರಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಗಳನ್ನು ಇಲ್ಲಿನವರೇ ಎದುರಿಸಬೇಕಾಯಿತು. ದೂರದ ದಾನಕ್ಕೆ ಒಗ್ಗಿಕೊಂಡ ಯಾವ ಸಂಸ್ಥೆಗೂ ಈ ದಿನ ಒಂದಲ್ಲ ಒಂದು ಸಲ ಬರುತ್ತದೆ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್ಐ ಹುಟ್ಟಿತು. ಕರಾವಳಿಯ ಬಾಸೆಲ್ ಮಿಷನ್ ಸಭೆಗಳು ಅದರಲ್ಲಿ ಸೇರಿದವು.

ಇವತ್ತು ನಮ್ಮ ಊರುಗಳ ಚರ್ಚುಗಳಲ್ಲಿ ಸುಗ್ಗಿ ಹಬ್ಬದ ದಿನ ಜನ ತಂದ ಬಾಳೆಗೊನೆ, ಕುಂಬಳಕಾಯಿ, ಕೋಳಿ, ಅಕ್ಕಿ ಹರಾಜಾಗುತ್ತವೆ. ನೂರು ರೂಪಾಯಿಯ ಕುಂಬಳಕಾಯಿಗೆ ನಗುನಗುತ್ತ ಸಾವಿರ ಕೂಗುವವರಿರುತ್ತಾರೆ. ಆ ಹಣ ಸಭೆಯ ಕೆಲಸಕ್ಕೆ ಹೋಗುತ್ತದೆ. ಅಲ್ಲಿ ಕೊಟ್ಟವರೂ, ಲೆಕ್ಕ ಕೇಳುವವರೂ ಒಂದೇ ಊರಿನವರು.

ಒಂದು ಹಿಡಿ ಅಕ್ಕಿ

ಪಡೆಯುತ್ತಿದ್ದವರೇ ಕೊಡುವವರಾದ ಕಥೆಗೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಮಿಜೋರಾಂ. ಅಲ್ಲಿಗೆ ಕ್ರೈಸ್ತ ಧರ್ಮ ತಂದವರಲ್ಲಿ ಬ್ರಿಟನ್ನಿನ ವೇಲ್ಸ್ ನಾಡಿನ ಮಿಷನರಿಗಳು ಪ್ರಮುಖರು. 20ನೇ ಶತಮಾನದ ಆರಂಭದಲ್ಲಿ ಅಲ್ಲಿನ ಹೆಂಗಸರು ಒಂದು ಪದ್ಧತಿ ಶುರು ಮಾಡಿದರು. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಪಾತ್ರೆಗೆ ಹಾಕುವುದು. ಮಿಜೊ ಭಾಷೆಯಲ್ಲಿ ಅದಕ್ಕೆ 'ಬುಹ್‌ಫಾಯ್ ಥಾಮ್' ಅನ್ನುತ್ತಾರೆ. ಹೆಂಗಸರೇ ಅದನ್ನು ಮನೆಗಳಿಂದ ಕೂಡಿಸಿ, ಮಾರಿ, ಚರ್ಚಿಗೆ ಕೊಡುತ್ತಾರೆ. ಅಂಥ ಹಣದಿಂದ ಮಿಜೊ ಚರ್ಚು ಇವತ್ತು ಬೇರೆ ರಾಜ್ಯಗಳಿಗೆ, ಹೊರದೇಶಗಳಿಗೆ ತನ್ನವರನ್ನು ಕಳಿಸುತ್ತದೆ. ಚರ್ಚುಗಳು ಖಾಲಿಯಾಗುತ್ತಿರುವ ವೇಲ್ಸಿಗೂ ಮಿಜೊ ಪಾದ್ರಿಗಳು ಹೋಗಿ ಕೆಲಸ ಮಾಡಿದ್ದಾರೆ.

ಅರ್ಧ ಬಟ್ಸನ್ನಿಗೂ ಹಿಡಿ ಅಕ್ಕಿಗೂ ಉಪಾಯ ಒಂದೇ: ಚಿಕ್ಕದು, ತಪ್ಪದೆ ಬರುವಂಥದ್ದು, ಹೆಂಗಸರ ಕೈಯಿಂದ ಎತ್ತಿದ್ದು. ಮಿಜೋರಾಮಿನಲ್ಲಿ ಆ ಅಕ್ಕಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಮಿಜೊ ಚರ್ಚೇ. ಮುಖ್ಯ ವ್ಯತ್ಯಾಸ ಅದು.

ನಮಗೆ ಇದರಲ್ಲಿ ಏನಿದೆ?

ಬಾಸೆಲ್ ಮಿಷನ್ನನ್ನು ಹೊಗಳುವವರು ಹೆಂಚು, ನಿಘಂಟು, ಶಾಲೆ ತೋರಿಸುತ್ತಾರೆ. ತೆಗಳುವವರು ಮತಾಂತರ ತೋರಿಸುತ್ತಾರೆ. ಎರಡೂ ಕಡೆಯವರು ಮಿಷನ್ನನ್ನು ಒಂದು ದೊಡ್ಡ ವಿದೇಶಿ ಶಕ್ತಿಯಾಗಿಯೇ ನೋಡುತ್ತಾರೆ. ಅದರ ತಳದಲ್ಲಿ ನಮ್ಮ ಹಾಗೆಯೇ ಮಗ್ಗ, ಹೊಲ, ಹಟ್ಟಿ ನಂಬಿಕೊಂಡಿದ್ದ ಜನರ ಚಿಲ್ಲರೆ ಹಣ ಇತ್ತು. ನಮ್ಮ ಬಗ್ಗೆ ಅವರಿಗೆ ಗೊತ್ತಿದ್ದದ್ದು ಸಮಿತಿ ಆರಿಸಿ ಅಚ್ಚು ಹಾಕಿದಷ್ಟು. ಅವರ ಬಗ್ಗೆ ನಮಗೆ ಗೊತ್ತಿದ್ದದ್ದು ಅದಕ್ಕಿಂತಲೂ ಕಡಿಮೆ.

ಈಗ ಹುಂಡಿ ನಮ್ಮ ಫೋನಿನಲ್ಲಿದೆ. ಹಾಸಿಗೆ ಹಿಡಿದ ಮಗುವಿನ ಫೋಟೋ, ಕೆಳಗೊಂದು ಕ್ಯೂಆರ್ ಕೋಡ್. ಚರ್ಚು, ಗುಡಿ, ಮಸೀದಿ, ಟ್ರಸ್ಟು, ಎಲ್ಲರ ಹೆಸರಿನಲ್ಲೂ ಬರುತ್ತದೆ. ಹತ್ತು ರೂಪಾಯಿಯಾದರೂ ಹಾಕಿ ಅನ್ನುತ್ತದೆ. ಹಾಕುವುದು ತಪ್ಪಲ್ಲ. ಹತ್ತು ರೂಪಾಯಿಯ ಬಲ ಏನೆಂದು 1855ರ ಲೆಕ್ಕ ತೋರಿಸಿದೆ. ಹಾಕುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಈ ಹಣ ಎಲ್ಲಿಗೆ ಹೋಗಬೇಕೆಂದು ಯಾರು ತೀರ್ಮಾನಿಸುತ್ತಾರೆ? ಲೆಕ್ಕ ನಮಗೆ ಮರಳಿ ಬರುತ್ತದೆಯೇ? ಫೋಟೋದಲ್ಲಿರುವವರಿಗೆ ತಮ್ಮ ಕಥೆಯನ್ನು ತಾವೇ ಹೇಳಲು ಅವಕಾಶ ಇದೆಯೇ?

ನಿಮ್ಮ ಊರಿನಲ್ಲಿ ಹಳೇ ಹೆಂಚಿನ ಮನೆ ಕೆಡವುತ್ತಿದ್ದರೆ ಒಂದು ಹೆಂಚು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಅದನ್ನು ಒತ್ತಿದವರ ಹೆಸರು ಅದರ ಮೇಲೆ ಇರುವುದಿಲ್ಲ.